ಅಡುಗೆ ಸೋಡಾ: ಎಷ್ಟು ಹಾಕಬೇಕು, ಎಲ್ಲಿ ಹಾಕಬಾರದು

ಹೋದ ಮಳೆಗಾಲದಲ್ಲಿ ಒಂದು ಸಂಜೆ ಈರುಳ್ಳಿ ಬಜ್ಜಿ ಮಾಡುತ್ತಿದ್ದೆ. ಕಡಲೆ ಹಿಟ್ಟು, ಖಾರದ ಪುಡಿ, ಓಂಕಾಳು, ಚೂರು ಅರಿಶಿನ, ಕೊನೆಗೆ ಸೋಡಾ. ಸೋಡಾವನ್ನು ಎರಡು ಬೆರಳಲ್ಲಿ ತೆಗೆದು ಉದುರಿಸಿದೆ, ಎಣ್ಣೆ ಕಾದಿತ್ತು ಅಂತ ಸರಿಯಾಗಿ ಕಲಸಲೂ ಇಲ್ಲ. ಬೆಂದ ಬಜ್ಜಿಯನ್ನು ತೆಗೆದು ನೋಡಿದರೆ ಮೇಲೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಮಗಳು ಒಂದು ಕಚ್ಚಿ, "ಅಮ್ಮಾ, ಸೋಪು ತಿಂದ ಹಾಗಿದೆ" ಅಂದಳು.

ಆ ಕೆಂಪು ಬಣ್ಣ ನಮಗೆ ಹೊಸದೇನಲ್ಲ. ಆರತಿ ನೀರು ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕುತ್ತೇವಲ್ಲ, ತಕ್ಷಣ ಕೆಂಪಾಗುತ್ತದೆ. ಸುಣ್ಣ ಕ್ಷಾರ. ಸೋಡಾನೂ ಕ್ಷಾರವೇ, ಸುಣ್ಣದಷ್ಟು ಜೋರಲ್ಲ ಅಷ್ಟೇ. ಬಜ್ಜಿ ಮೇಲೆ ಎಲ್ಲೆಲ್ಲಿ ಕೆಂಪು ಚುಕ್ಕೆ ಇತ್ತೋ ಅಲ್ಲೆಲ್ಲ ಸೋಡಾ ಗಂಟಾಗಿ ಕೂತಿತ್ತು. ಅಂದಿನಿಂದ ನಾನು ಸೋಡಾವನ್ನು ಬೆರಳಲ್ಲಿ ತೆಗೆಯುವುದು ಬಿಟ್ಟೆ.

ಸೋಡಾ ಬಗ್ಗೆ ಎರಡು ಥರದ ಮಾತು ಕೇಳುತ್ತೇವೆ. ಒಬ್ಬರು ಅದು ವಿಷ ಅಂತಾರೆ. ಇನ್ನೊಬ್ಬರು ಬೇಳೆ ಬೇಯೋದಕ್ಕೆ, ಹೊಟ್ಟೆ ಉಬ್ಬರಕ್ಕೆ, ಹಲ್ಲು ಬೆಳ್ಳಗಾಗೋದಕ್ಕೆ, ಎಲ್ಲದಕ್ಕೂ ಅದೇ ಅಂತಾರೆ. ವಿಷ ಖಂಡಿತ ಅಲ್ಲ. ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇದಕ್ಕೆ ದಿನಕ್ಕೆ ಇಷ್ಟೇ ಅನ್ನುವ ಮಿತಿ ಹಾಕಿಲ್ಲ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಒಪ್ಪಿಗೆ ಕೊಟ್ಟಿದೆ. ಆದರೆ ಇದು ಹುಟ್ಟುವುದೇ ಉಪ್ಪಿನಿಂದ. ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೇ 1860ರ ದಶಕದಲ್ಲಿ ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ ಸೋಡಾ ತೆಗೆಯುವ ದಾರಿ ಕಂಡುಕೊಂಡ, ಇವತ್ತಿಗೂ ಕಾರ್ಖಾನೆಗಳಲ್ಲಿ ಅದೇ ದಾರಿ ಬಳಕೆಯಲ್ಲಿದೆ. ಉಪ್ಪಿನಲ್ಲಿರುವ ಸೋಡಿಯಂ ಸೋಡಾದಲ್ಲೂ ಇದೆ. ಉಪ್ಪನ್ನು ಅಳೆದು ಹಾಕುವ ನಾವು ಸೋಡಾವನ್ನು ಮಾತ್ರ ಸುಮ್ನೆ ಕಣ್ಣಳತೆಯಲ್ಲಿ ಹಾಕಿಬಿಡುತ್ತೇವೆ. ನನ್ನ ತಕರಾರು ಇರುವುದು ಅಲ್ಲೇ.

ಹೆಜ್ಜೆ 1: ಸರಿಯಾದ ಸೋಡಾ ತನ್ನಿ

ಅಂಗಡಿಯಲ್ಲಿ "ಸೋಡಾ ಕೊಡಿ" ಅಂದರೆ ಸಾಲದು. ಅಡುಗೆ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ, ಸೋಡಿಯಂ ಕಾರ್ಬೊನೇಟ್. ಅದು ಎಷ್ಟೋ ಪಾಲು ತೀಕ್ಷ್ಣ, ಬಾಯಿ ಗಂಟಲನ್ನು ಸುಡಬಲ್ಲದು. ಇನ್ನು ಪೈಪು ಕಟ್ಟಿಕೊಂಡಾಗ ಸುರಿಯುವ ಕಾಸ್ಟಿಕ್ ಸೋಡಾ ಅಂತೂ ಅಡುಗೆಮನೆಯ ಹತ್ತಿರವೂ ಇರಬಾರದು. ಮೂರೂ ಬೆಳ್ಳಗೇ ಇರುತ್ತವೆ. ಹೆಸರಿಲ್ಲದ ಕವರಿನಲ್ಲಿ ಕಟ್ಟಿಕೊಟ್ಟರೆ ಗುರುತು ಹಿಡಿಯುವುದು ಹೇಗೆ? ನಾಲಿಗೆಗೆ ಹಚ್ಚಿ ನೋಡುವ ಪ್ರಯೋಗ ಮಾತ್ರ ಮಾಡಬೇಡಿ.

ಹಾಗಾಗಿ ಬಿಡಿ ಸೋಡಾ ಬೇಡ, ಪ್ಯಾಕೆಟ್ ತನ್ನಿ. ಪ್ಯಾಕೆಟ್ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಾದ ತಾರೀಖು ಇದೆಯಾ ನೋಡಿ. ಸಣ್ಣ ಪ್ಯಾಕೆಟ್ಟೇ ಸಾಕು, ಮನೆಗೆ ತಿಂಗಳಿಗೆ ಎಷ್ಟು ಬೇಕಾದೀತು?

ಬಿಸ್ಕತ್ತು, ಬನ್ನು, ಕೇಕ್ ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿದರೆ 500 ಅನ್ನುವ ಸಂಖ್ಯೆ, ಅದರ ಪಕ್ಕ ಕಂಸದಲ್ಲಿ ರೋಮನ್ ಎರಡು ಕಾಣುತ್ತದೆ. ಅದು ಇದೇ ಸೋಡಾ. ಪಕ್ಕದಲ್ಲಿ 503 ಇದ್ದರೆ ಅದು ಅಮೋನಿಯಂ ಕಾರ್ಬೊನೇಟುಗಳ ಜಾತಿ, ಅದೂ ಹಿಟ್ಟು ಉಬ್ಬಿಸೋದಕ್ಕೇ. ನಂಬರ್ ನೋಡಿದ ಕೂಡಲೇ ಗಾಬರಿ ಬೀಳುವುದು ಬೇಡ.

ಬೇಕಿಂಗ್ ಪೌಡರ್ ಅಂದರೆ ಸೋಡಾದ ಜೊತೆ ಒಣ ಹುಳಿ ಪುಡಿ ಮತ್ತು ಗಂಜಿ ಹಿಟ್ಟು ಬೆರೆಸಿದ ಮಿಶ್ರಣ. ಅದರ ಶಕ್ತಿ ಸೋಡಾದ ಮೂರನೇ ಒಂದು ಭಾಗದಷ್ಟು. ಅದಕ್ಕೇ ಬೇಕಿಂಗ್ ಪೌಡರ್‌ನ ಅಳತೆಯಲ್ಲೇ ಸೋಡಾ ಸುರಿದರೆ ಕೇಕ್ ಕಹಿಯಾಗುತ್ತದೆ.

ಹೆಜ್ಜೆ 2: ಜೀವ ಇದೆಯಾ ನೋಡಿ

ಅರ್ಧ ಚಮಚ ಸೋಡಾ ಬಟ್ಟಲಿಗೆ ಹಾಕಿ, ಮೇಲೆ ನಾಲ್ಕು ಹನಿ ನಿಂಬೆ ರಸ ಬಿಡಿ. ಬುಸ್ ಅಂತ ನೊರೆ ಉಕ್ಕಿದರೆ ಚೆನ್ನಾಗಿದೆ. ಸಪ್ಪಗೆ ಒಂದೆರಡು ಗುಳ್ಳೆ ಬಂದರೆ ಅದು ಅಡುಗೆಗೆ ಆಗಲ್ಲ. ಸತ್ತ ಸೋಡಾವನ್ನು ಜಾಸ್ತಿ ಹಾಕಿ ಸರಿಮಾಡುತ್ತೇನೆ ಅಂದುಕೊಂಡರೆ ಹಿಟ್ಟೂ ಉಬ್ಬುವುದಿಲ್ಲ, ಕಹಿಯೂ ಉಳಿಯುತ್ತದೆ.

ಹೆಜ್ಜೆ 3: ಅಳೆಯಿರಿ

ಐದು ಮಿಲಿಲೀಟರಿನ ಟೀ ಚಮಚ ಒಂದು ಇಟ್ಟುಕೊಳ್ಳಿ. ತುಂಬಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಸಮ ಮಾಡಿ. ಹಾಗೆ ಸಮ ಮಾಡಿದ ಒಂದು ಚಮಚದಲ್ಲಿ ಸುಮಾರು 4.6 ಗ್ರಾಂ ಸೋಡಾ ಇರುತ್ತದೆ. ಕಾಲು ಚಮಚದ ಅಳತೆ ಇಲ್ಲದಿದ್ದರೆ ಈ ಒಂದು ಚಮಚವನ್ನು ಕಾಗದದ ಮೇಲೆ ಸುರಿದು, ಚೌಕ ಮಾಡಿ, ಚಾಕುವಿನಿಂದ ನಾಲ್ಕು ಪಾಲು ಮಾಡಿ. ಒಂದು ಸಲ ಹೀಗೆ ಮಾಡಿ ನೋಡಿದರೆ ಇಷ್ಟು ದಿನ ಎಷ್ಟು ಜಾಸ್ತಿ ಹಾಕುತ್ತಿದ್ದೆವು ಅಂತ ನಿಮಗೇ ಗೊತ್ತಾಗುತ್ತದೆ. ನಾನು ಮಾಡಿದಾಗ ಗೊತ್ತಾಗಿದ್ದು, ನನ್ನ "ಒಂದು ಚಿಟಿಕೆ" ಸರಿಯಾಗಿ ಅರ್ಧ ಚಮಚ ಇತ್ತು.

ಲೆಕ್ಕ ಇಷ್ಟೇ. ಒಂದು ಕಪ್ ಮೈದಾ ಅಥವಾ ರವೆಗೆ ಕಾಲು ಚಮಚ, ಅದೂ ಹುಳಿ ಮೊಸರು ಇದ್ದಾಗ. ಬಜ್ಜಿಯ ಕಡಲೆ ಹಿಟ್ಟಿಗೆ ಅದರಲ್ಲೂ ಅರ್ಧ. ಬಜ್ಜಿಗೆ ಸೋಡಾ ಇಲ್ಲದೆಯೂ ನಡೆಯುತ್ತದೆ. ಎರಡು ಚಮಚ ಚೆನ್ನಾಗಿ ಕಾದ ಎಣ್ಣೆಯನ್ನು ಹಿಟ್ಟಿಗೆ ಸುರಿದು ಕಲಸಿ, ಗರಿಗರಿ ಬರುತ್ತದೆ. ಮದ್ದೂರು ವಡೆ ಗರಿಗರಿ ಆಗುವುದೂ ಹೀಗೇ, ಕಾದ ಎಣ್ಣೆ ಇಲ್ಲವೇ ತುಪ್ಪ ಬೆರೆಸಿ.

ಸೋಡಾ ಜಾಸ್ತಿ ಆದರೆ ಬರೀ ರುಚಿ ಕೆಡುವುದಲ್ಲ. ಹಿಟ್ಟು ತೂತು ತೂತಾಗಿ ಎಣ್ಣೆ ಹೀರುತ್ತದೆ. ಕ್ಷಾರದಲ್ಲಿ ಹಿಟ್ಟು ಬೇಗ ಕೆಂಪೇರುತ್ತದೆ, ಹಾಗಾಗಿ ಹೊರಗೆ ಕಂದುಬಣ್ಣ ಬಂದಿರುತ್ತದೆ, ಒಳಗೆ ಹಸಿ ಇರುತ್ತದೆ.

ಹೆಜ್ಜೆ 4: ಜೊತೆಗೆ ಹುಳಿ ಇರಲಿ

ಇದು ಎಲ್ಲಕ್ಕಿಂತ ಮುಖ್ಯ. ಸೋಡಾಕ್ಕೆ ಹುಳಿ ಸಿಕ್ಕಿದರೆ ಇಂಗಾಲದ ಡೈಆಕ್ಸೈಡ್ ಗಾಳಿ ಹುಟ್ಟುತ್ತದೆ, ಅದೇ ಗಾಳಿ ಹಿಟ್ಟನ್ನು ಉಬ್ಬಿಸುತ್ತದೆ, ಸೋಡಾ ಅಲ್ಲಿಗೆ ಕರಗಿಹೋಗುತ್ತದೆ. ಹುಳಿ ಸಿಗದಿದ್ದರೆ? ಆಗಲೂ ಬಿಸಿಗೆ ಒಡೆದು ಗಾಳಿ ಬಿಡುತ್ತದೆ, ಆದರೆ ಹಿಂದೆ ಸೋಡಿಯಂ ಕಾರ್ಬೊನೇಟ್ ಉಳಿಸಿ ಹೋಗುತ್ತದೆ. ಈ ಹೆಸರು ಮೇಲೆ ಬಂತು, ಜ್ಞಾಪಕ ಇದೆಯಾ? ಬಟ್ಟೆ ಸೋಡಾ. ಸೋಪಿನ ರುಚಿ ಬರುವುದು ಅದರಿಂದಲೇ. ನನ್ನ ಮಗಳ ನಾಲಿಗೆ ಸರಿಯಾಗಿಯೇ ಹೇಳಿತ್ತು.

ಕಾಲು ಚಮಚ ಸೋಡಾಕ್ಕೆ ಅರ್ಧ ಕಪ್ ಹುಳಿ ಮೊಸರು ಸರಿಹೋಗುತ್ತದೆ. ಮೈಸೂರು ಬೋಂಡ, ಗೋಳಿಬಜೆ ಎರಡಕ್ಕೂ ಹುಳಿ ಮೊಸರೇ ಬೇಕು ಅನ್ನುವುದು ಬರೀ ರುಚಿಗಲ್ಲ, ಇದಕ್ಕೂ ಹೌದು. ಮಂಗಳೂರು ಬನ್ಸ್‌ಗೂ ಬಾಳೆಹಣ್ಣಿನ ಜೊತೆ ಮೊಸರು ಬೀಳುತ್ತದಲ್ಲ. ಸಿಹಿ ಮೊಸರು ಹಾಕಿ ಸೋಡಾ ಅಷ್ಟೇ ಹಾಕಿದರೆ ಬೋಂಡ ಉಬ್ಬೀತು, ಬಾಯಲ್ಲಿ ಮಾತ್ರ ಏನೋ ಒಂಥರಾ ಉಳಿಯುತ್ತದೆ.

ರವೆ ಇಡ್ಲಿಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಅಂತ ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಅಕ್ಕಿ ಉದ್ದಿನ ಹಾಗೆ ರವೆ ರಾತ್ರಿಯಿಡೀ ಹುದುಗಬೇಕಿಲ್ಲ, ಮೊಸರು ಸೋಡಾ ಸೇರಿ ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಅದಕ್ಕೇ ಇಲ್ಲಿ ಆತುರವೂ ಬೇಕು, ತಾಳ್ಮೆಯೂ ಬೇಕು. ಹುರಿದ ರವೆಗೆ ಒಗ್ಗರಣೆ, ಮೊಸರು ಸೇರಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ತಟ್ಟೆಗೆ ಎಣ್ಣೆ ಸವರಿ, ಗೋಡಂಬಿ ಇಟ್ಟು, ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಸೋಡಾ ಹಾಕಿ. ಒಂದು ಚಮಚ ನೀರಿನಲ್ಲಿ ಕರಗಿಸಿ ಹಾಕಿದರೆ ಗಂಟು ಉಳಿಯುವುದಿಲ್ಲ. ಹಿಟ್ಟು ಸೌಟಿನ ಕೆಳಗೇ ಹಗುರಾಗಿ ಮೇಲೆ ಬರುವುದು ಗೊತ್ತಾಗುತ್ತದೆ, ಸಣ್ಣ ಸಣ್ಣ ಗುಳ್ಳೆ ಒಡೆಯುವ ಸದ್ದೂ ಕೇಳುತ್ತದೆ. ಆಗ ಹೆಚ್ಚು ತಿರುವದೆ ತಟ್ಟೆಗೆ ಸುರಿದು ಹಬೆಗೆ ಇಟ್ಟುಬಿಡಿ. ಸೋಡಾ ಹಾಕಿ ಫೋನಿನಲ್ಲಿ ಮಾತಾಡಿಕೊಂಡು ಬಂದರೆ ಗಾಳಿ ಹೋಗಿರುತ್ತದೆ, ಇಡ್ಲಿ ಗಟ್ಟಿ.

ಹೆಜ್ಜೆ 5: ಇಲ್ಲೆಲ್ಲ ಬೇಡ

ಮಾಮೂಲಿ ಇಡ್ಲಿ ದೋಸೆ ಹಿಟ್ಟಿಗೆ ಬೇಡ. ಉದ್ದಿನ ಬೇಳೆಯಲ್ಲೇ ಇರುವ ಸೂಕ್ಷ್ಮಜೀವಿಗಳು ರಾತ್ರಿ ಅದೇ ಗಾಳಿಯನ್ನು ಬಿಟ್ಟಿ ಹುಟ್ಟಿಸಿಕೊಡುತ್ತವೆ, ಜೊತೆಗೆ ಹುಳಿ ರುಚಿ ಕೊಡುತ್ತವೆ. ಡಿಸೆಂಬರಿನ ಬೆಂಗಳೂರಿನಲ್ಲಿ ಹಿಟ್ಟು ಉಬ್ಬಲ್ಲ, ನಿಜ. ನೆನೆಹಾಕುವಾಗ ಅರ್ಧ ಚಮಚ ಮೆಂತ್ಯ ಹಾಕಿ, ಹಿಟ್ಟಿನ ಪಾತ್ರೆಯನ್ನು ಆರಿದ ಓವನ್ನಿನಲ್ಲೋ, ಅಕ್ಕಿ ಡಬ್ಬದ ಪಕ್ಕ ದಪ್ಪ ಟವೆಲ್ ಸುತ್ತಿಯೋ ಇಡಿ, ಇನ್ನೂ ನಾಲ್ಕು ಗಂಟೆ ಜಾಸ್ತಿ ಬಿಡಿ.

ಹಾಲಿಗೆ ಬೇಡವೇ ಬೇಡ. ಹಾಲು ಒಡೆಯದಿರಲಿ ಅಂತ ಚಿಟಿಕೆ ಸೋಡಾ ಹಾಕಿ ಕಾಯಿಸುವವರಿದ್ದಾರೆ. ಸೋಡಾ ಹುಳಿಯನ್ನು ಮುಚ್ಚಿಹಾಕುತ್ತದೆ ಅಷ್ಟೇ, ಹಾಲು ಹಾಳಾಗಿರುವುದು ಹಾಳಾಗಿಯೇ ಇರುತ್ತದೆ. ಮಾರುವ ಹಾಲಿಗೆ ಸೋಡಾ ಬೆರೆಸುವುದು ಕಾನೂನಿನಲ್ಲಿ ಕಲಬೆರಕೆ.

ಸೊಪ್ಪು ಹಸಿರಾಗಿ ಉಳಿಯಲಿ ಅಂತ ಹಾಕುತ್ತಾರೆ. ಹಸಿರೇನೋ ಉಳಿಯುತ್ತದೆ, ಸೊಪ್ಪು ಲೋಳೆಯಾಗುತ್ತದೆ, ಸಿ ಜೀವಸತ್ವ ಹೋಗುತ್ತದೆ. ಅಗಲ ಪಾತ್ರೆಯಲ್ಲಿ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬೇಯಿಸಿದರೆ ಸಾಕು.

ಕಾಳು ಬೇಳೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ನಮ್ಮದಲ್ಲ, ನೀರಿನದು. ಬೋರ್‌ವೆಲ್ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಕಾಳಿನ ಗೋಡೆಯನ್ನು ಹಿಡಿದಿಡುವ ಅಂಟಿನ ಜೊತೆ ಈ ಕ್ಯಾಲ್ಸಿಯಂ ಸೇರಿಕೊಂಡು ಇನ್ನೂ ಬಿಗಿ ಮಾಡುತ್ತದೆ. ಎಷ್ಟು ವಿಷಲ್ ಕೂಗಿಸಿದರೂ ಕಡಲೆ ಕಾಳು ಕಲ್ಲು. ಸೋಡಾ ಆ ಅಂಟನ್ನು ಕರಗಿಸುತ್ತದೆ, ಹಾಗಾಗಿ ಬೇಗ ಬೇಯುತ್ತದೆ, ಸುಳ್ಳಲ್ಲ. ಆದರೆ ಕ್ಷಾರದಲ್ಲಿ ಬಿ1 ಜೀವಸತ್ವ ನಾಶವಾಗುತ್ತದೆ. ಬೇಳೆಕಾಳಿನಲ್ಲಿ ಬಿ1 ಚೆನ್ನಾಗಿ ಸಿಗುತ್ತದೆ, ಅದನ್ನೇ ಕಳೆದುಕೊಂಡರೆ ಹೇಗೆ? ಬದಲಿಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಅದರಲ್ಲಿ ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಫಿಲ್ಟರ್ ನೀರಿನಲ್ಲಿ ಬೇಯಿಸಿ. ಹುಣಸೆ ಹುಳಿ, ಟೊಮೆಟೊ ಕಾಳು ಬೆಂದ ಮೇಲೆ ಹಾಕಿ, ಹುಳಿಗೆ ಕಾಳು ಬೇಯಲ್ಲ. ನಮ್ಮ ಮನೆಯಲ್ಲಿ ಇಷ್ಟಕ್ಕೇ ಕೆಲಸ ಆಗುತ್ತದೆ. ತೀರಾ ಹಳೆಯ ಕಾಳಾಗಿದ್ದರೆ ನೆನೆಹಾಕುವ ನೀರಿಗೆ ಅರೆಪಾವು ಕಾಳಿಗೆ ಒಂದು ಚಮಚದ ಎಂಟನೇ ಒಂದು ಪಾಲು ಸೋಡಾ ಹಾಕಿ, ಆ ನೀರನ್ನು ಚೆಲ್ಲಿ ಕಾಳು ತೊಳೆದು ಬೇಯಿಸಿ.

ಹೆಜ್ಜೆ 6: ಉಪ್ಪಿನ ಲೆಕ್ಕಕ್ಕೆ ಸೇರಿಸಿ

ನಮ್ಮಮ್ಮನಿಗೆ ಬಿಪಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದ ದಿನದಿಂದ ಅವರು ಉಪ್ಪಿನಕಾಯಿ ಬಿಟ್ಟರು, ಹಪ್ಪಳ ಬಿಟ್ಟರು, ಮಜ್ಜಿಗೆಗೂ ಉಪ್ಪು ಹಾಕುತ್ತಿರಲಿಲ್ಲ. ಎಷ್ಟು ಇಷ್ಟಪಡುತ್ತಿದ್ದ ಮಾವಿನ ಮಿಡಿಯನ್ನು ಜಾಡಿಯಲ್ಲೇ ಬಿಟ್ಟು ಊಟ ಮಾಡುವುದನ್ನು ನೋಡಿ ನನಗೆ ಬೇಜಾರಾಗುತ್ತಿತ್ತು. ಆದರೆ ರಾತ್ರಿ ಊಟ ಆದ ಮೇಲೆ ಗ್ಯಾಸ್ ಅಂತ ಒಂದು ಲೋಟ ನೀರಿಗೆ ಅರ್ಧ ಚಮಚ ಸೋಡಾ ಕಲಸಿ ಕುಡಿಯುತ್ತಿದ್ದರು. ವರ್ಷಗಟ್ಟಲೆ. ಅದು ಉಪ್ಪಲ್ಲವಲ್ಲ ಅನ್ನುವ ಧೈರ್ಯ.

ಸೋಡಾದ ತೂಕದಲ್ಲಿ ಶೇಕಡಾ 27ರಷ್ಟು ಸೋಡಿಯಂ. ಒಂದು ಚಮಚದಲ್ಲಿ ಸುಮಾರು 1,260 ಮಿಲಿಗ್ರಾಂ, ಅರ್ಧ ಚಮಚದಲ್ಲಿ 630. ದೊಡ್ಡವರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಅಮ್ಮ ಉಪ್ಪಿನಕಾಯಿ ಬಿಟ್ಟು ಉಳಿಸಿದ್ದನ್ನೆಲ್ಲ ಆ ಒಂದು ಲೋಟದಲ್ಲಿ ಕುಡಿದುಬಿಡುತ್ತಿದ್ದರು. ಇದನ್ನು ಲೆಕ್ಕ ಹಾಕಿ ತೋರಿಸಿದ ದಿನ ಅವರು ಲೋಟ ಕೆಳಗಿಟ್ಟು, "ಯಾರೂ ಹೇಳಲೇ ಇಲ್ವಲ್ಲೇ" ಅಂದರು. ಡಾಕ್ಟರ ಹತ್ತಿರ ಹೇಳಿ ಬೇರೆ ಮಾತ್ರೆ ಬರೆಸಿಕೊಂಡೆವು.

ಬೋಂಡದ ಲೆಕ್ಕ ನೋಡಿದರೆ ಹೆದರಿಕೆ ಇಲ್ಲ. ಒಂದು ಕಪ್ ಮೈದಾಕ್ಕೆ ಕಾಲು ಚಮಚ ಸೋಡಾ ಹಾಕಿ ನಾಲ್ಕು ಜನ ತಿಂದರೆ ತಲಾ 80 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಅದೇ ಹಿಟ್ಟಿಗೆ ಹಾಕುವ ಉಪ್ಪಿನಿಂದ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ತಿನ್ನುವ ಸೋಡಾಗಿಂತ ಕುಡಿಯುವ ಸೋಡಾದ್ದೇ ಚಿಂತೆ.

ಹೆಜ್ಜೆ 7: ಹೊಟ್ಟೆಗೆ ಕುಡಿಯುವ ಮುಂಚೆ

ಸೋಡಾ ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ, ಇದು ಹಳೆಯ ಔಷಧಿಯೇ. ಅಂಗಡಿಯ ಫ್ರೂಟ್ ಸಾಲ್ಟ್ ಪೊಟ್ಟಣದಲ್ಲೂ ಮುಖ್ಯವಾಗಿ ಇರುವುದು ಸೋಡಾ ಮತ್ತು ಸಿಟ್ರಿಕ್ ಆಮ್ಲ. ಯಾವಾಗಲೋ ಒಮ್ಮೆ ಎದೆಯುರಿಗೆ ದೊಡ್ಡವರು ಅರ್ಧ ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ, ನೊರೆ ನಿಂತ ಮೇಲೆ ಕುಡಿಯಬಹುದು.

ಹೊಟ್ಟೆ ಬಿರಿಯ ತಿಂದ ಕೂಡಲೇ ಮಾತ್ರ ಬೇಡ. ನಾವು ಕುಡಿಯುವುದು ಮದುವೆ ಊಟ ಆದ ಮೇಲೇ ಅಲ್ವಾ? ತುಂಬಿದ ಹೊಟ್ಟೆಯಲ್ಲಿ ಒಮ್ಮೆಲೇ ಗಾಳಿ ಹುಟ್ಟಿದರೆ ಅಪಾಯ, ತೀರಾ ಅಪರೂಪವಾಗಿ ಹೊಟ್ಟೆಯೇ ಹರಿದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆ ಸೋಡಾ ಜೊತೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಎರಡು ವಾರ ಆದರೂ ಉರಿ ನಿಲ್ಲದಿದ್ದರೆ ಅದು ಸೋಡಾದ ಕೆಲಸವಲ್ಲ, ಡಾಕ್ಟರ ಕೆಲಸ. ದಿನಾ ಕುಡಿಯುತ್ತಾ ಹೋದರೆ ರಕ್ತದ ಕ್ಷಾರವೇ ಏರುಪೇರಾಗುತ್ತದೆ.

ಇದನ್ನು ದಯವಿಟ್ಟು ಮನೆಯ ಹಿರಿಯರಿಗೆ ಓದಿ ಹೇಳಿ. ಎದೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹರಿದ ಹಾಗೆ, ಮೈ ಬೆವರು, ಉಸಿರು ಕಷ್ಟ, ಇಂಥದ್ದು ಇದ್ದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಸೋಡಾ ಕುಡಿದರೆ ತೇಗು ಬರುತ್ತದೆ, ತೇಗು ಬಂದರೆ ಹಗುರ ಅನ್ನಿಸುತ್ತದೆ, ಆ ಹಗುರದಲ್ಲಿ ಬೆಳಗ್ಗೆ ನೋಡೋಣ ಅಂತ ಮಲಗಿದವರ ಹೃದಯಾಘಾತ ಎಷ್ಟೋ ಗಂಟೆ ತಡವಾಗಿ ಗೊತ್ತಾಗುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಬರೀ ಗ್ಯಾಸ್ ಆಗಿದ್ದರೆ ಒಳ್ಳೆಯದೇ ಆಯಿತು, ಮನೆಗೆ ವಾಪಸ್ ಬಂದರಾಯಿತು.

ಅಂದ ಹಾಗೆ, ಜಾತ್ರೆಯಲ್ಲಿ ಸಿಗುವ ಗೋಲಿ ಸೋಡಾಕ್ಕೂ ಇದಕ್ಕೂ ಹೆಸರೊಂದೇ ಸಂಬಂಧ. ಅದು ನೀರಿಗೆ ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್.

ಹೆಜ್ಜೆ 8: ಹಣ್ಣು ತೊಳೆಯಲು, ಮತ್ತೆ ಡಬ್ಬದ ವಿಷಯ

2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಹಚ್ಚಿ ತೊಳೆದು ನೋಡಿದರು. ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದದ್ದು ಹೋಯಿತು, ಒಳಕ್ಕೆ ಇಳಿದದ್ದು ಹೋಗಲಿಲ್ಲ. ಅವರು ಬಳಸಿದ್ದು ಲೀಟರಿಗೆ 10 ಗ್ರಾಂ, ಅಂದರೆ ಎರಡು ಚಮಚಕ್ಕಿಂತ ಚೂರು ಜಾಸ್ತಿ. ದ್ರಾಕ್ಷಿ, ಸೇಬಿಗೆ ನಾನೂ ಹೀಗೇ ಮಾಡುತ್ತೇನೆ, ಆಮೇಲೆ ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆಯುತ್ತೇನೆ. ಸಿಪ್ಪೆ ಸುಲಿಯುವ ಹಣ್ಣಿಗೆ ಇಷ್ಟು ಕಷ್ಟ ಬೇಕಿಲ್ಲ.

ಪ್ಯಾಕೆಟ್ ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದು, ಹೆಸರು ಮತ್ತು ಒಡೆದ ತಾರೀಖು ಬರೆದು ಅಂಟಿಸಿ. ಒಲೆಯ ಪಕ್ಕದ ಹಬೆಯಲ್ಲಿ ಇಡಬೇಡಿ, ಒದ್ದೆ ಚಮಚ ಹಾಕಬೇಡಿ. ಅಡುಗೆಯ ಡಬ್ಬ ಮೇಲಿನ ಕಪಾಟಿನಲ್ಲಿ, ಬಟ್ಟೆ ಸೋಡಾ ಇದ್ದರೆ ಬಚ್ಚಲು ಮನೆಯಲ್ಲಿ, ಎರಡೂ ಮಕ್ಕಳ ಕೈಗೆ ಸಿಗದ ಹಾಗೆ. ಆರು ತಿಂಗಳಿಗೊಮ್ಮೆ ನಿಂಬೆ ಹನಿ ಬಿಟ್ಟು ನೋಡಿ. ಬುಸ್ ಅನ್ನದಿದ್ದರೆ ಸಿಂಕ್ ತಿಕ್ಕಲು ಬಳಸಿ ಮುಗಿಸಿ, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಕಪ್ಪಾಗುತ್ತದೆ.